ತಿಮ್ಮಕ್ಕನಿಗೆ ಮೂರು ಕಾಗದ

ಆರನೇ ವಾರ್ಡ್, ಪೂನಾ
12-3-1972

ಶ್ರೀಮತಿ ಬಸವಲಿಂಗಮ್ಮನವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ‘ಹೊಸಿಲು’ ವಾರಪತ್ರಿಕೆಯಲ್ಲಿ ಬರುತ್ತಿರುವ ನಿಮ್ಮ ‘ಏತದ ಬಾವಿ’ ಧಾರಾವಾಹಿಯನ್ನು ಮೊದಲ ಕಂತಿನಿಂದ ಓದುತ್ತಿದ್ದೇನೆ. ಪತ್ರಿಕೆಯವರಿಗೆ ಬರೆದು ನಿಮ್ಮ ವಿಳಾಸ ತರಿಸಿಕೊಂಡೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಬಾವಿ ತೋಡುವ ಪಿಳ್ಳಣ್ಣನನ್ನು ನೀವು ಸಾಯಿಸುವವರಿದ್ದೀರಿ.

ಮೂರನೇ ಕಂತಿನಲ್ಲಿ ಹಗ್ಗದ ಒಂದು ಎಳೆ ಕಿತ್ತಿತು. ಪಿಳ್ಳಣ್ಣ ಗಂಟು ಹಾಕಿ ಸುಮ್ಮನಾದ. ಐದನೆಯದರಲ್ಲಿ, ದಿನಾ ಅಂಗಿ ಬಿಚ್ಚಿ ಹೊಂಗೆ ಮರಕ್ಕೆ ಸಿಕ್ಕಿಸಿ ಇಳಿಯುವವನು ಅಂದು ಅಂಗಿ ತೊಟ್ಟೇ ಇಳಿದ. ಆರನೆಯದರಲ್ಲಿ ಅವನ ಹೆಂಡತಿ ನಾಲ್ಕು ತಟ್ಟೆ ಹಾಕಬೇಕಾದಲ್ಲಿ ಮೂರು ಹಾಕಿ ನಕ್ಕಳು. ಎಂಟನೆಯದರಲ್ಲಿ ಅವನೇ ‘ಈ ಬಾವಿ ಆದ್ಮೇಲೆ ಸಾಕು’ ಅಂದ. ನೆಲ ನೋಡಿ ಒಳಗೇನಿದೆ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಆದ್ದರಿಂದ ಇಂಥವು ಬೇಗ ಕಣ್ಣಿಗೆ ಬೀಳುತ್ತವೆ.

ದಯವಿಟ್ಟು ಅವನನ್ನು ಬದುಕಿಸಿ. ಇಲ್ಲಿ ನಾವು ಐದು ಜನ ಕನ್ನಡದವರು ಕೂಡಿ ಓದುತ್ತೇವೆ. ಎಲ್ಲರ ಪರವಾಗಿ ಕೇಳುತ್ತಿದ್ದೇನೆ.

ಇಂತು,
ವೆಂಕಟಾಚಲ


ಜಯನಗರ, ಬೆಂಗಳೂರು
25-3-1972

ಶ್ರೀ ವೆಂಕಟಾಚಲ ಅವರಿಗೆ,

ನಿಮ್ಮ ಕಾಗದ ತಲುಪಿತು. ಇಪ್ಪತ್ತೆರಡು ವರ್ಷದಿಂದ ಮಾಧ್ಯಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ನನ್ನ ಉತ್ತರ ಪತ್ರಿಕೆಯನ್ನು ಬೇರೊಬ್ಬರು ತಿದ್ದಿ ಕಳಿಸಿದ್ದು ಇದೇ ಮೊದಲು.

ಕಥೆಯಲ್ಲಿ ಮುಂದೆ ಬರುವುದರ ಸುಳಿವನ್ನು ಮೊದಲೇ ಇಡುವುದು ತಪ್ಪಲ್ಲ, ಅದು ಕಸುಬು. ನಿಮಗೆ ಸುಳಿವು ಕಂಡಿತೆಂದರೆ ನಾನು ಸರಿಯಾಗಿ ಇಟ್ಟಿದ್ದೇನೆ ಎಂದರ್ಥ. ಅದಕ್ಕಾಗಿ ಕಥೆಯ ದಾರಿ ಬದಲಿಸಬೇಕಾಗಿಲ್ಲ. ಸಂಪಾದಕರೂ ನಿಮ್ಮಂತೆಯೇ ಸುಖಾಂತ್ಯ ಕೇಳಿದರು. ಅವರಿಗೂ ಆಗುವುದಿಲ್ಲ ಎಂದೇ ಬರೆದೆ.

ನೀವು ಕೃಷಿ ಇಲಾಖೆಯಲ್ಲೋ ಮಣ್ಣು ಪರೀಕ್ಷೆಯಲ್ಲೋ ಇದ್ದು ನಿವೃತ್ತರಾದವರು ಎಂದು ತಿಳಿಯುತ್ತೇನೆ. ಪೂನಾದಂಥ ಊರಿನ ಒಳ್ಳೆಯ ವಾರ್ಡಿನಲ್ಲಿ ಮನೆ ಮಾಡಿಕೊಂಡು, ಸಂಜೆ ಗೆಳೆಯರನ್ನು ಕೂರಿಸಿಕೊಂಡು ಓದುವವರಿಗೆ ಪಿಳ್ಳಣ್ಣ ಸಾಯಬೇಕೋ ಬದುಕಬೇಕೋ ಎನ್ನುವುದು ಹೊತ್ತು ಕಳೆಯುವ ಮಾತಾಗಿರಬಹುದು. ನನಗೆ ಹಾಗಲ್ಲ.

ಒಂದು ಮಾತು ಮಾತ್ರ ಒಪ್ಪಿಕೊಳ್ಳುತ್ತೇನೆ. ಆ ಮೂರು ತಟ್ಟೆಯದು ನಾನು ಬೇಕೆಂದು ಇಟ್ಟದ್ದಲ್ಲ. ನನ್ನ ಬರಹವನ್ನು ಅಂದವಾಗಿ ನಕಲು ಮಾಡಿಕೊಡುವವರು ನಮ್ಮ ಮನೆಯವರು, ಜಯದೇವಪ್ಪ. ಅವರನ್ನು ಕೇಳಿದೆ. ‘ನೀನು ಬರೆದಿದ್ದೆ, ನಾನು ಇಳಿಸ್ದೆ. ಲೆಕ್ಕ ತಪ್ಪಿದ್ದೀಯ ಅನ್ಕೊಂಡೆ’ ಅಂದರು. ಹುಡುಕಿ ಕೊಟ್ಟದ್ದಕ್ಕೆ ವಂದನೆಗಳು.

ಬಸವಲಿಂಗಮ್ಮ


ಪೂನಾ
9-4-1972

ಮೇಡಂ ಅವರಿಗೆ ನಮಸ್ಕಾರಗಳು.

ತಿಳಿಸದೆ ಇದ್ದದ್ದು ನನ್ನ ತಪ್ಪು. ಆರನೇ ವಾರ್ಡ್ ಎಂದರೆ ಮಿಲಿಟರಿ ಆಸ್ಪತ್ರೆಯ ವಾರ್ಡು. ನನಗೆ ಇಪ್ಪತ್ತಾರು ವರ್ಷ. ಸೈನ್ಯದ ಎಂಜಿನಿಯರ್ ದಳದಲ್ಲಿ ಲ್ಯಾನ್ಸ್ ನಾಯಕ್. ಶತ್ರುಗಳು ನೆಲದಲ್ಲಿ ಹೂತಿಟ್ಟ, ಕಾಲಿಟ್ಟರೆ ಸಿಡಿಯುವ ಮೈನುಗಳನ್ನು ಹುಡುಕಿ ತೆಗೆದು ಹಿಂದೆ ಬರುವವರಿಗೆ ದಾರಿ ಮಾಡುವುದು ನಮ್ಮ ಕೆಲಸ. ಹುಲ್ಲು ಒಂದು ಕಡೆ ಸ್ವಲ್ಪ ಬಾಡಿದ್ದರೆ, ಮಣ್ಣಿನ ಬಣ್ಣ ಒಂದಿಷ್ಟು ಬೇರೆಯಿದ್ದರೆ ಕೆಳಗೆ ಏನೋ ಇದೆ. ಡಿಸೆಂಬರ್ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಹದಿನೇಳು ಕಂಡುಹಿಡಿದೆ. ಹದಿನೆಂಟನೆಯದು ಕಾಣಲಿಲ್ಲ. ಬಲಗಾಲು ಮಂಡಿಯ ಕೆಳಗೆ ಇಲ್ಲ.

ಇದನ್ನು ಅಯ್ಯೋ ಅನ್ನಿಸಿಕೊಳ್ಳಲು ಬರೆಯುತ್ತಿಲ್ಲ. ಹಾಗೆ ಅನ್ನುವುದಾದರೆ ಮುಂದೆ ಕಾಗದ ಬರೆಯಬೇಡಿ.

ಪತ್ರಿಕೆ ಬರುವುದು ಧಾರವಾಡದ ಕಡೆಯ ಹವಾಲ್ದಾರ್ ಗುರುಬಸಪ್ಪನವರಿಗೆ. ಅವರ ತಮ್ಮ ಕಳಿಸುತ್ತಾನೆ. ಅವರಿಗೆ ಎರಡೂ ಕಣ್ಣು ಹೋಗಿವೆ. ನಾನು ಗಟ್ಟಿಯಾಗಿ ಓದುತ್ತೇನೆ, ಉಳಿದವರು ಸುತ್ತ ಸೇರುತ್ತಾರೆ. ಪಿಳ್ಳಣ್ಣ ಹಗ್ಗ ಹಿಡಿದು ಇಳಿದಾಗಲೆಲ್ಲ ಗುರುಬಸಪ್ಪನವರು ಮಂಚದ ಸರಳು ಹಿಡಿದುಕೊಳ್ಳುತ್ತಾರೆ. ಅದಕ್ಕೇ ಕೇಳಿದೆ. ಬೇರೇನಿಲ್ಲ.

ನಾನೂ ನಿಮ್ಮ ಕಡೆಯವನೇ. ನಮ್ಮೂರು ಬೆಂಗಳೂರಿನ ಅಂಚಿನ ಹೊಸಕೆರೆಹಳ್ಳಿ.

ವೆಂಕಟಾಚಲ


ಜಯನಗರ
20-4-1972

ಶ್ರೀ ವೆಂಕಟಾಚಲ ಅವರಿಗೆ,

ನಿಮ್ಮ ಕಾಗದ ಓದಿ ನನ್ನ ಹಿಂದಿನ ಕಾಗದ ನೆನೆದು ನಾಚಿಕೆಯಾಯಿತು. ವಾರ್ಡು ಎಂದ ಕೂಡಲೇ ನನಗೆ ಮುನಿಸಿಪಾಲಿಟಿ ನೆನಪಾದದ್ದು ನನ್ನ ಬುದ್ಧಿಯ ಅಳತೆ. ಕ್ಷಮಿಸಿ. ಅಯ್ಯೋ ಅನ್ನಬೇಡಿ ಎಂದಿದ್ದೀರಿ, ಅನ್ನುವುದಿಲ್ಲ.

ಆದರೂ ಪಿಳ್ಳಣ್ಣನನ್ನು ಉಳಿಸಲಾರೆ. ಕಾರಣ ಹೇಳುತ್ತೇನೆ. ಈವರೆಗೆ ಮನೆಯವರಿಗೊಬ್ಬರಿಗೇ ಹೇಳಿದ್ದೆ.

ಚಿತ್ರದುರ್ಗದ ಕಡೆ ನಮ್ಮ ತಂದೆಯ ಹೊಲದಲ್ಲಿ ಬಾವಿ ತೋಡುತ್ತಿದ್ದಾಗ ಒಬ್ಬಾತ ಮಣ್ಣು ಕುಸಿದು ಸತ್ತ. ನನಗೆ ಆಗ ಒಂಬತ್ತು ವರ್ಷ. ಅವನ ಹೆಂಡತಿ ಮಧ್ಯಾಹ್ನದ ಬುತ್ತಿ ತಲೆಯ ಮೇಲಿಟ್ಟುಕೊಂಡು ನಗುನಗುತ್ತಾ ಬಂದಳು. ಅಲ್ಲಿ ಮೂವತ್ತು ಜನ ನಿಂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಅವಳು ಬಾವಿಯ ಅಂಚಿಗೆ ಬಂದು ಬಗ್ಗಿ ಅವನ ಹೆಸರು ಹಿಡಿದು ಕೂಗಿದಳು. ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ. ಆ ಹೆಂಗಸಿಗೆ ಯಾರೂ ಒಂದು ಮಾತು ಮೊದಲೇ ಹೇಳಿರಲಿಲ್ಲ.

ಕಥೆ ಬರೆಯುವಾಗ ನಾನು ಸಾವನ್ನು ತಪ್ಪಿಸಲಾರೆ, ಅದು ನಡೆದದ್ದು. ಆದರೆ ಓದುವವರನ್ನು ಆ ಅಂಚಿಗೆ ಹಾಗೆ ಬರಲು ಬಿಡುವುದಿಲ್ಲ. ಒಂದೊಂದೇ ಮೆಟ್ಟಿಲು ಕೈ ಹಿಡಿದು ಇಳಿಸುತ್ತೇನೆ. ಎಳೆ ಕಿತ್ತ ಹಗ್ಗ, ಬಿಚ್ಚದ ಅಂಗಿ ಎಲ್ಲ ಅದಕ್ಕೇ. ಈಗ ಬದುಕಿಸಿಬಿಟ್ಟರೆ ಅಷ್ಟು ದೂರ ಕರೆತಂದವರಿಗೆ ಸುಳ್ಳು ಹೇಳಿದ ಹಾಗೆ.

ಹದಿನಾರನೇ ಕಂತು ಮೇ ಮೊದಲ ವಾರ ಬರುತ್ತದೆ. ಓದುವ ಮೊದಲು ಗುರುಬಸಪ್ಪನವರಿಗೆ ಹೇಳಿ.

ಬಸವಲಿಂಗಮ್ಮ


ಪೂನಾ
14-5-1972

ಮೇಡಂ,

ಹದಿನಾರನೇ ಕಂತು ಓದಿದೆ. ಮೊದಲು ಗುರುಬಸಪ್ಪನವರಿಗೆ ಹೇಳಿದೆ. ‘ನಂಗ ಗೊತ್ತೈತಿ, ನೀ ಓದು’ ಅಂದರು. ಹಗ್ಗ ಸಡಿಲವಾಗಿ ಮೇಲೆ ಬಂದ ಸಾಲಿಗೆ ಪತ್ರಿಕೆ ಕೆಳಗಿಟ್ಟೆ. ‘ನಿಲ್ಲಸಬ್ಯಾಡ’ ಅಂದರು. ಮುಗಿಸಿ ಪತ್ರಿಕೆಯನ್ನು ಅವರ ಕೈಗೆ ಕೊಟ್ಟೆ. ಆಮೇಲೆ ಅವರೇ, ‘ಗೊತ್ತಿದ್ದಿದ್ದಕ್ಕ ಕೇಳಾಕ ಆತು ನೋಡು. ಗೊತ್ತಿಲ್ದ ಬಂದಿದ್ರ ಆಗ್ತಿದ್ದಿಲ್ಲ’ ಅಂದರು.

ಆ ಮಾತಿನಿಂದ ನನಗೆ ಒಂದು ಯೋಚನೆ ಬಂದಿದೆ. ಹೇಳಲು ಸಂಕೋಚ.

ಊರಿನಲ್ಲಿ ನಮ್ಮವ್ವ ಒಬ್ಬಳೇ ಇದ್ದಾಳೆ. ತಿಮ್ಮಕ್ಕ ಅಂತ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಕೆರೆಯ ಕೆಳಗಿನ ತುಂಡು ನೆಲದಲ್ಲಿ ಸೊಪ್ಪು ಬೆಳೆದು ಗಾಂಧಿ ಬಜಾರಿಗೆ ಹೊತ್ತು ಮಾರಿ ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದಳು. ಯುದ್ಧದಲ್ಲಿ ಗಾಯವಾಗಿದೆ ಎಂದು ತಂತಿ ಹೋಗಿತ್ತು. ಕಾಲಿಗೆ ಪೆಟ್ಟಾಗಿದೆ, ವಾಸಿಯಾಗುತ್ತಿದೆ ಎಂದು ಆಮೇಲೆ ನಾನು ಬರೆದೆ. ಕಾಲೇ ಇಲ್ಲ ಎಂದು ಬರೆಯಲು ಕೈ ಬರಲಿಲ್ಲ. ಐದು ತಿಂಗಳಾಯಿತು. ಚಳಿಗಾಲದ ಹೊತ್ತಿಗೆ ಹೊಸ ಕಾಲು ಹಾಕಿ ಮನೆಗೆ ಕಳಿಸುತ್ತಾರೆ. ಅವಳು ಬಾಗಿಲಲ್ಲಿ ನಿಂತು ಒಮ್ಮೆಗೇ ನೋಡುವಂತೆ ಆಗಬಾರದು.

ಪಿಳ್ಳಣ್ಣನ ವಿಷಯದಲ್ಲಿ ನಮ್ಮನ್ನು ಇಳಿಸಿದ ಹಾಗೆ ಅವಳನ್ನೂ ಇಳಿಸುವುದು ಹೇಗೆ ಎಂದು ನನಗೆ ಹೇಳಿಕೊಡಿ.

ವೆಂಕಟಾಚಲ


ಜಯನಗರ
28-5-1972

ಚಿ. ವೆಂಕಟಾಚಲನಿಗೆ ಆಶೀರ್ವಾದಗಳು.

ಇನ್ನು ನೀವು ಎಂದು ಬರೆಯಲಾರೆ. ನೀನು ನಾನು ಮೊದಲ ವರ್ಷ ಪಾಠ ಹೇಳಿದ ಹುಡುಗರಿಗಿಂತಲೂ ಚಿಕ್ಕವನು.

ನೀನು ಕೇಳಿದ್ದನ್ನು ಮೂರು ದಿನ ಯೋಚಿಸಿದೆ. ಇಪ್ಪತ್ತು ವರ್ಷ ಕಥೆ ಬರೆದಿದ್ದೇನೆ, ಅದರಿಂದ ಒಬ್ಬರಿಗೆ ಹೀಗೊಂದು ಉಪಯೋಗವಾದೀತು ಎಂದು ಯಾರೂ ಹೇಳಿರಲಿಲ್ಲ. ಮನೆಯವರ ಮುಂದೆ ನಿನ್ನ ಕಾಗದ ಎರಡು ಸಲ ಓದಿದೆ. ಹೆಮ್ಮೆಯೆಂದರೆ ಹೆಮ್ಮೆಯೇ.

ಮೂರು ಕಾಗದ ಬರಿ. ಮೊದಲನೆಯದರಲ್ಲಿ ನಿನ್ನ ದಿನಚರಿ ಬರೆದು, ಮಧ್ಯದಲ್ಲಿ ಎಲ್ಲೋ ಒಂದು ಕಡೆ, ಇನ್ನು ಮೊದಲಿನ ಹಾಗೆ ಓಡಲು ಆಗುವುದಿಲ್ಲವಂತೆ ಎಂದು ಸೇರಿಸು. ಕೊನೆಯಲ್ಲಿ ಬೇಡ. ಎರಡನೆಯದರಲ್ಲಿ ನಿನ್ನ ವಾರ್ಡಿನಲ್ಲಿ ಹೊಸ ಕಾಲು ಹಾಕಿಸಿಕೊಂಡು ಚೆನ್ನಾಗಿ ಓಡಾಡುವವರು ಯಾರಾದರೂ ಇದ್ದರೆ ಅವರ ಬಗ್ಗೆ ಬರಿ. ಮೂರನೆಯದರಲ್ಲಿ ನಿನ್ನದನ್ನು ಹೇಳು. ಒಂದೇ ನಿಯಮ, ಎಲ್ಲಿಯೂ ಸುಳ್ಳು ಬರೆಯಬಾರದು. ಸುಳಿವು ಸುಳ್ಳಾದರೆ ಮುಂದಿನದನ್ನು ಯಾರೂ ನಂಬುವುದಿಲ್ಲ.

ಅಮ್ಮನಿಗೆ ಕಾಗದ ಓದಿ ಹೇಳುವವರು ಯಾರು? ತಿಳಿಸು.

ಬಸವಲಿಂಗಮ್ಮ


ಪೂನಾ
18-6-1972

ಮೇಡಂ,

ಅಂಗಡಿಯವನು ಓದುತ್ತಾನೆ. ರೇಷನ್ ಚೀಟಿ ಓದಿದ ಹಾಗೆ ಓದಿ, ಮಾರನೆಯ ದಿನ ಊರಿಗೆಲ್ಲ ಹೇಳುತ್ತಾನೆ. ಬೇರೆ ಯಾರನ್ನು ಕೇಳಲಿ?

ಮೊದಲನೇ ಕಾಗದ ಇದರ ಜೊತೆ ಇದೆ. ಅವ್ವನಿಗೆ ಬರೆಯುವಾಗ ನನಗೆ ದೊಡ್ಡ ಮಾತುಗಳು ಬರುವುದಿಲ್ಲ. ಕಿಟಕಿಯಾಚೆಗಿನ ಮಳೆಮರ, ಅದರಲ್ಲಿ ಗೂಡು ಕಟ್ಟಿದ ಕಾಗೆ, ಎದುರಿನ ಶೆಡ್ಡಿನಲ್ಲಿ ಬಟ್ಟೆ ಒಣಹಾಕುವವರು, ಇವೇ ಇವೆ. ನೀವು ಹೇಳಿದ ಸಾಲು ಕಾಗೆಯ ವಿಷಯ ಆದ ಮೇಲೆ ಸೇರಿಸಿದ್ದೇನೆ.

ವೆಂಕಟಾಚಲ


ಜಯನಗರ
2-7-1972

ಚಿ. ವೆಂಕಟಾಚಲನಿಗೆ,

ನಾನೇ ಹೋಗಿ ಓದಿ ಬಂದೆ. ಭಾನುವಾರ ಬೆಳಗ್ಗೆ ಮನೆಯವರೂ ನಾನೂ ಹೊರಟು, ಬನಶಂಕರಿ ಮೊದಲ ಹಂತದ ಕೊನೆಯ ಸ್ಟಾಪಿನಲ್ಲಿ ಬಿಟಿಎಸ್ ಬಸ್ಸಿಳಿದು, ಹೊಲದ ಬದುವಿನ ಮೇಲೆ ಒಂದೂವರೆ ಮೈಲಿ ನಡೆದೆವು. ಕೆರೆ ಏರಿಯ ಮೇಲೆ ಸಿಕ್ಕವರನ್ನು ತಿಮ್ಮಕ್ಕನ ಮನೆ ಎಲ್ಲಿ ಎಂದು ಕೇಳಿದರೆ, ‘ಮಿಲ್ಟ್ರಿ ತಿಮ್ಮಕ್ಕನಾ?’ ಅಂದರು.

ನಿಮ್ಮಮ್ಮ ದಂಟಿನ ಸೊಪ್ಪು ಕೀಳುತ್ತಿದ್ದರು. ನಿನ್ನ ಕಾಗದ ಎಂದ ಕೂಡಲೇ ಕೈ ತೊಳೆದು ಬಂದು ಕೂತರು. ‘ಬಿರ್‍ನೆ ಓದ್ಬೇಡಿ ಮೇಡಂ, ನಿಧಾನಕ್ಕೆ ಓದಿ’ ಅಂದರು. ಓಡಲು ಆಗುವುದಿಲ್ಲ ಎಂಬ ಸಾಲನ್ನು ದನಿ ಬದಲಿಸದೆ ಓದಿದೆ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ. ‘ಆ ಕಿಟ್ಕಿ ಅವ್ನ ಮಂಚದ್ ಪಕ್ಕದಲ್ಲೇ ಐತಾ ಮೇಡಂ?’ ಹೌದು ಅನ್ನಿಸುತ್ತೆ ಅಂದೆ. ‘ಗಾಳಿ ಬತ್ತದೆ, ಒಳ್ಳೇದು’ ಅಂದರು.

ಎಷ್ಟು ಮುಗ್ಧ ಜೀವ. ಆ ಒಂದು ಸಾಲು ಅವರ ಕಿವಿಗೆ ಬಿದ್ದಿದೆ, ಮನಸ್ಸಿಗೆ ಇಳಿದಿಲ್ಲ. ಅದೇ ಬೇಕಾದದ್ದು. ಹೊರಡುವಾಗ ಸೊಪ್ಪಿನ ದೊಡ್ಡ ಕಟ್ಟು ಕೊಟ್ಟರು. ಮನೆಯವರು ಬಸ್ಸಿನಲ್ಲಿ, ‘ಆಯಮ್ಮ ನಿನ್ನ ಮುಖಾನೇ ನೋಡ್ತಿದ್ರಲ್ಲೇ, ಕಾಗದ ಓದೋವಾಗ’ ಅಂದರು. ಓದುವವರ ಮುಖ ನೋಡದೆ ಇನ್ನೇನು ನೋಡುತ್ತಾರೆ ಅಂದೆ.

ಎರಡನೆಯದನ್ನು ಕಳಿಸು.

ಬಸವಲಿಂಗಮ್ಮ


ಜಯನಗರ
6-8-1972

ಚಿ. ವೆಂಕಟಾಚಲನಿಗೆ,

ಎರಡನೆಯದೂ ಆಯಿತು. ಆ ಪಂಜಾಬಿ ಸುಬೇದಾರರ ಬಗ್ಗೆ ನೀನು ಬರೆದದ್ದು ಚೆನ್ನಾಗಿದೆ. ಹೊಸ ಕಾಲಿನಲ್ಲಿ ಮೆಟ್ಟಿಲು ಹತ್ತಿ ಬಂದು ಎಲ್ಲರಿಗೂ ಲಡ್ಡು ಹಂಚಿದ್ದು, ಬೂಟು ಒಂದಕ್ಕೆ ಮಾತ್ರ ಪಾಲಿಷ್ ಹಾಕಿ ಬೈಸಿಕೊಂಡದ್ದು. ನನಗೇ ನಗು ಬಂತು. ನಿಮ್ಮಮ್ಮನೂ ನಕ್ಕರು. ಆಮೇಲೆ, ‘ಅವ್ರವ್ವ ಬದ್ಕವ್ರಾ?’ ಅಂತ ಕೇಳಿದರು. ಕಾಗದದಲ್ಲಿ ಇಲ್ಲ ಅಂದೆ. ‘ಇದ್ರೆ ಎಷ್ಟ್ ಸಂತೋಸ ಪಡ್ತಾಳೆ’ ಅಂದರು.

ನಾವು ಹೋದಾಗ ಗಾರೆ ಕೆಲಸದವರು ಬಂದಿದ್ದರು. ಜಗಲಿಯ ಮೂರು ಎತ್ತರದ ಕಲ್ಲು ಮೆಟ್ಟಿಲು ಕಿತ್ತು ಐದು ಸಣ್ಣ ಮೆಟ್ಟಿಲು ಕಟ್ಟಿಸುತ್ತಿದ್ದಾರೆ. ದೀಪಾವಳಿಗೆ ಈಗಿಂದಲೇ ಮನೆ ಚೊಕ್ಕಟವಾಗುತ್ತಿದೆ. ನೀನು ಬರುವ ಸಂಭ್ರಮವೂ ಇರಬೇಕು. ಇಷ್ಟು ಸಂತೋಷದಲ್ಲಿ ಇರುವವರಿಗೆ ಮೂರನೆಯ ಕಾಗದ ಓದಬೇಕಲ್ಲ ಎಂದು ನನಗೆ ಈಗ ಒಳಗೊಳಗೇ ಅಳುಕು. ಆದರೆ ನಾವು ಸರಿಯಾಗಿ ನಡೆಸಿದ್ದೇವೆ. ಧೈರ್ಯವಾಗಿ ಬರಿ.

ಬಸವಲಿಂಗಮ್ಮ


ಪೂನಾ
20-8-1972

ಮೇಡಂ,

ಮೂರನೆಯದು ಇದರೊಳಗೆ ಇದೆ. ಐದು ಹರಿದು ಹಾಕಿದ ಮೇಲೆ ಬರೆದದ್ದು.

ಹೊಸ ಕಾಲು ಬಂದಿದೆ. ಎರಡು ಕಂಬಿಗಳ ನಡುವೆ ನಡೆಸುತ್ತಾರೆ. ಮೊದಲ ದಿನ ನಾಲ್ಕು ಹೆಜ್ಜೆಗೆ ಬಿದ್ದೆ. ಈಗ ಕಂಬಿ ಬಿಟ್ಟು ಅಂಗಳದ ಸುತ್ತ ಎರಡು ಸುತ್ತು ಬರುತ್ತೇನೆ. ಕಡಿದ ಕಾಲಿನ ತುದಿ ಉಜ್ಜಿ ರಕ್ತ ಬರುತ್ತದೆ, ಅದು ಗಟ್ಟಿಯಾಗುತ್ತದಂತೆ. ನೋವು ತಡೆಯಬಲ್ಲೆ. ಒಂದನ್ನು ತಡೆಯಲಾರೆ. ಊರಿನಲ್ಲಿ ನನ್ನನ್ನು ಕಂಡವರು ಅಯ್ಯೋ ಪಾಪ ಎಂದು ನಾಲಿಗೆ ಲೊಚಗುಟ್ಟುವುದು. ಬೇರೆಯವರದ್ದನ್ನು ಕೇಳಿಸಿಕೊಂಡರೂ ಕೇಳಿಸಿಕೊಂಡೇನು. ಅವ್ವನ ಬಾಯಿಂದ ಬಂದರೆ ಈ ಎಂಟು ತಿಂಗಳು ಕಟ್ಟಿಕೊಂಡದ್ದೆಲ್ಲ ಕುಸಿಯುತ್ತದೆ.

ನೀವು ಓದುವಾಗ ಅವಳು ಏನು ಅಂದಳೋ ಅದನ್ನೇ ಬರೆಯಿರಿ. ನನಗೆ ಹಿತವಾಗಲಿ ಎಂದು ಬದಲಿಸಬೇಡಿ. ನಿಯಮ ಇಬ್ಬರಿಗೂ ಒಂದೇ.

ವೆಂಕಟಾಚಲ


ಜಯನಗರ
3-9-1972

ಚಿ. ವೆಂಕಟಾಚಲನಿಗೆ,

ಏನು ನಡೆಯಿತೋ ಅದನ್ನೇ ಬರೆಯುತ್ತೇನೆ.

ನಾನು ಎರಡು ಸಾಲು ಓದಿದ್ದೆ, ಅಷ್ಟೇ. ‘ಅವ್ವಾ, ಇಷ್ಟು ದಿನ ನಿನಗೆ ಒಂದು ಮಾತು ಹೇಳಿರಲಿಲ್ಲ’ ಎಂಬಲ್ಲಿಗೆ ಬಂದು ತಡೆದೆ. ನಿಮ್ಮಮ್ಮ ನನ್ನ ಮೊಣಕೈ ಮುಟ್ಟಿದರು.

‘ಮೇಡಂ, ಕಾಲು ಎಲ್ಲೀಗಂಟ ಹೋಗೈತೆ? ಮಂಡಿ ಮೇಲಾ, ಕೆಳಗಾ?’

ನಾನು ಕಾಗದ ಕೆಳಗಿಟ್ಟೆ. ಮನೆಯವರೇ ‘ಕೆಳಗೆ ತಾಯಿ’ ಅಂದರು.

‘ಮಂಡಿ ಐತಲ್ಲ, ಸಾಕು’ ಅಂದರು.

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಮೊದ್ಲೆಲ್ಲಾ ಕಾಗ್ದ ಬರ್ದಾಗ ಅಲ್ಲಿಗ್ ಹೋದೆ, ಇಲ್ಲಿಗ್ ಹೋದೆ, ಬೆಟ್ಟ ಹತ್ತಿದೆ ಅಂತಿದ್ದ. ತಂತಿ ಬಂದ್ಮೇಲೆ ಬಂದ ಕಾಗ್ದದಾಗೆಲ್ಲ ಬರೇ ಕಿಟ್ಕಿ. ಕಿಟ್ಕೀಲಿ ಕಂಡ ಮರ, ಕಿಟ್ಕೀಲಿ ಕಂಡ ಕಾಗೆ. ನನ್ ಮಗ ಒಂದ್ ಕಡೆ ಕೂರೋನಲ್ಲ. ಅವ್ನೇ ಹೋಗಿ ನೋಡ್ತಿದ್ದ. ಆರು ತಿಂಗ್ಳು ವಾಸಿ ಆಗ್ದೇ ಇರೋ ಪೆಟ್ಟು ಎಂತದು ಅಂತ ನಂಗೆ ತಿಳಿಯಲ್ವಾ? ನೀವ್ ಬರೋದ್ರೊಳಗೆ ನಂಗ್ ಗೊತ್ತಿತ್ತು.’

ಹಾಗಾದರೆ ನನ್ನನ್ನು ಮೂರು ಸಲ ಓದಲು ಯಾಕೆ ಬಿಟ್ಟಿರಿ ಅಂದೆ. ‘ಅವ್ನು ಎಷ್ಟ್ ಕಷ್ಟ ಬಿದ್ದು ನನ್ನ ತಯಾರ್ ಮಾಡ್ತಾವ್ನೆ. ಮಧ್ಯದಲ್ಲಿ ಗೊತ್ತು ಅಂದ್ಬುಟ್ರೆ ಅವ್ನಿಗೆ ಹೆಂಗಾಗ್ಬೇಡ? ನೀವೂ ಅಷ್ಟ್ ದೂರ ನಡ್ಕೊಂಡ್ ಬಂದ್ರಿ.’

ಮೆಟ್ಟಿಲು ಯಾಕೆ ಚಿಕ್ಕವಾದವು ಎಂದು ಆಗ ನನಗೆ ತಿಳಿಯಿತು. ನಿನ್ನ ಅಮ್ಮನ ಎದುರು ಎರಡು ಸಲ ಕೂತು ಅವರನ್ನು ಮುಗ್ಧೆ ಎಂದು ನಿನಗೆ ಬರೆದ ಲೇಖಕಿ ನಾನು. ಮನೆಯವರಿಗೆ ಮೊದಲ ದಿನವೇ ಅನುಮಾನ ಬಂದಿತ್ತಂತೆ. ‘ಹೇಳಿದ್ರೆ ನೀನು ಎಲ್ಲಿ ಕೇಳ್ತಿದ್ದೆ?’ ಅನ್ನುತ್ತಾರೆ.

ಆಮೇಲೆ ನಿಮ್ಮಮ್ಮ, ‘ಈಗ ಪೂರ್ತಿ ಓದಿ. ಅವ್ನು ಬರ್ದವ್ನೆ, ಕೇಳ್ಬೇಕು’ ಅಂದರು. ಓದಿದೆ. ಹದಿನೆಂಟನೆಯದು ಸಿಡಿದ ಮೇಲೂ ನೀನು ನೆಲದಲ್ಲಿ ಬಿದ್ದುಕೊಂಡೇ ಮುಂದಿನ ಗುರುತು ತೋರಿಸಿದ್ದು ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ಅವ್ನ ಹಿಂದೆ ಬಂದೋರು ದಾಟಿದ್ರಾ?’

‘ನಲವತ್ತು ಜನ ದಾಟಿದರು ಅಂತ ಬರೆದಿದ್ದಾನೆ’ ಅಂದೆ.

‘ಎಲ್ರೂ?’

‘ಎಲ್ಲರೂ.’

‘ಹಂಗಾದ್ರೆ ಸರಿ’ ಅಂದರು. ಬೇರೇನೂ ಅನ್ನಲಿಲ್ಲ. ನೀನು ಹೆದರಿದ ಶಬ್ದ ಅವರ ಬಾಯಿಂದ ಬರಲಿಲ್ಲ. ತಂತಿ ಬಂದ ದಿನ ಜೋಳದ ಹೊಲದಲ್ಲಿ ಕೂತು ಅತ್ತದ್ದು ಬಿಟ್ಟರೆ ಆಮೇಲೆ ಅತ್ತಿಲ್ಲವಂತೆ. ಅದನ್ನು ನಿನಗೆ ಹೇಳಬೇಡಿ ಅಂದರು. ನಿಯಮ ಇಬ್ಬರಿಗೂ ಒಂದೇ ಎಂದು ನೀನು ಬರೆದಿದ್ದೀಯ, ಹೇಳಿದ್ದೇನೆ.

ಬಸವಲಿಂಗಮ್ಮ


ಪೂನಾ
24-9-1972

ಮೇಡಂ,

ನಿಮ್ಮ ಕಾಗದವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಇನ್ನೊಮ್ಮೆ ಓದಿಸಿದರು. ಪಂಜಾಬಿ ಸುಬೇದಾರರಿಗೆ ಹಿಂದಿಯಲ್ಲಿ ಹೇಳಿದೆ. ಅವರು ಎದ್ದು ನಿಂತು ಹೊಸಕೆರೆಹಳ್ಳಿ ಯಾವ ದಿಕ್ಕಿಗೆ ಎಂದು ಕೇಳಿ, ಆ ಕಡೆ ತಿರುಗಿ ಸೆಲ್ಯೂಟ್ ಹೊಡೆದರು. ಯಾರೂ ನಗಲಿಲ್ಲ.

ನೀವು ನಾಚಿಕೊಳ್ಳಬೇಡಿ. ಹದಿನೇಳು ಕಂಡವನಿಗೂ ಒಂದು ತಪ್ಪುತ್ತದೆ. ಅವಳಿಗೆ ಮೊದಲೇ ಗೊತ್ತಿತ್ತು ಎಂದಾದರೂ ಆ ಮೂರು ಕಾಗದ ದಂಡವಾಗಲಿಲ್ಲ. ಮೊದಲನೆಯದು ಬರೆಯುವಾಗ ನನಗೇ ನನ್ನ ಕಾಲಿನ ಮಾತು ಆಡಲು ಬರುತ್ತಿರಲಿಲ್ಲ. ಮೂರನೆಯದರ ಹೊತ್ತಿಗೆ ಬಂತು.

ನವೆಂಬರ್ ಹನ್ನೆರಡಕ್ಕೆ ಊರು ಸೇರುತ್ತೇನೆ. ನೀವಿಬ್ಬರೂ ಬಸ್ ಸ್ಟಾಪಿಗೆ ಬರಬೇಕು.

ವೆಂಕಟಾಚಲ


ಜಯನಗರ
22-10-1972

ಚಿ. ವೆಂಕಟಾಚಲನಿಗೆ,

ಬರಲಾಗುವುದಿಲ್ಲ ಎಂದು ಬರೆಯಲು ಬೇಸರ. ಮೈಸೂರಿನಲ್ಲಿರುವ ಮಗಳು ಜಯಶೀಲಾಳ ಹೆರಿಗೆಯ ದಿನಗಳು ಅವೇ. ನಾಡಿದ್ದು ಹೊರಡುತ್ತೇವೆ, ಡಿಸೆಂಬರಿಗೆ ಹಿಂತಿರುಗುವುದು. ಕಳೆದ ವಾರ ಹೋಗಿ ನಿನ್ನ ತಾರೀಖನ್ನು ಅಮ್ಮನಿಗೆ ಹೇಳಿ ಬಂದೆ. ಜೊತೆಗೆ ಯಾರನ್ನಾದರೂ ಕಳಿಸಲೇ, ಒಂದು ಆಟೋ ಗೊತ್ತುಮಾಡಲೇ ಎಂದೆ. ‘ಏನೂ ಬ್ಯಾಡ ಮೇಡಂ, ನಾನ್ ನೋಡ್ಕಂತೀನಿ’ ಅಂದರು.

ಮೈಸೂರಿನ ವಿಳಾಸ ಹಿಂಬದಿಗಿದೆ. ಒಂದನ್ನೂ ಬಿಡದೆ ಬರಿ.

ಬಸವಲಿಂಗಮ್ಮ


ಹೊಸಕೆರೆಹಳ್ಳಿ
14-11-1972

ಮೇಡಂ ಅವರಿಗೂ ಜಯದೇವಪ್ಪನವರಿಗೂ ನಮಸ್ಕಾರಗಳು.

ಬಂದು ಸೇರಿದೆ. ಒಂದನ್ನೂ ಬಿಡದೆ ಬರೆಯುತ್ತೇನೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೊನೆಯ ಸ್ಟಾಪಿನಲ್ಲಿ ಬಸ್ಸಿಳಿದೆ. ಯೂನಿಫಾರಂ ತೊಟ್ಟಿದ್ದೆ. ಕಂಡಕ್ಟರ್ ಕೈ ಕೊಡಲು ಬಂದ, ಬೇಡ ಅಂದೆ. ಅವ್ವ ಬೆಳಗ್ಗೆಯಿಂದ ಅಲ್ಲೇ ಇದ್ದಳಂತೆ. ನನ್ನ ಮುಖ ನೋಡಿದಳು. ಕೆಳಗೆ ನೋಡಲಿಲ್ಲ.

‘ಊಟ ಮಾಡಿದ್ಯೇನ್ಲಾ?’

‘ಇಲ್ಲ.’

‘ಮುದ್ದೆ ಮಾಡಿಟ್ಟು ಬಂದಿವ್ನಿ. ನಡಿ’ ಅಂದಳು. ಸೆರಗು ಸುತ್ತಿ ಸಿಂಬಿ ಮಾಡಿ ನನ್ನ ಕಬ್ಬಿಣದ ಪೆಟ್ಟಿಗೆಯನ್ನು ತಲೆಯ ಮೇಲೆ ಇಟ್ಟುಕೊಂಡಳು. ನಾನು ತರ್ತೀನಿ ಅಂದೆ. ‘ನಿನ್ ಕಾಲಿನ್ನೂ ಹೊಸ್ದು. ನೀನು ಅದ್ನ ತಾ, ನಾನ್ ಇದ್ನ ತರ್ತೀನಿ’ ಅಂದಳು. ಅಂದವಳೇ ಹೊರಟಳು.

ಮೇಡಂ, ಅವಳು ನಿಧಾನ ಮಾಡಲಿಲ್ಲ. ಸೊಪ್ಪಿನ ಮಂಕರಿ ಹೊತ್ತು ಬಜಾರಿಗೆ ಹೋಗುವಾಗಿನ ನಡಿಗೆಯದು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನನಗೆ ಮೊದಲು ಕೋಪ ಬಂತು. ಕತ್ರಿಗುಪ್ಪೆಯ ಹೊಲ ದಾಟುವಾಗ ತುದಿ ಉರಿಯತೊಡಗಿತು. ನಿಲ್ಲೋಣ ಎಂದುಕೊಂಡೆ. ಅವಳು ನಿಂತಿರಲಿಲ್ಲ. ಅವಳ ಹಿಮ್ಮಡಿಯ ಮೇಲೆ ಕಣ್ಣಿಟ್ಟು ನಡೆದೆ.

ಏರಿಯ ಮೇಲೆ ಊರಿನ ಅರ್ಧ ಜನ ಸೇರಿದ್ದರು. ಅಂಗಡಿಯವನು ಎಲ್ಲರಿಗೂ ಹೇಳಿರಬೇಕು. ಬಟ್ಟೆ ಒಗೆಯುವವರು ಕೈ ನಿಲ್ಲಿಸಿದರು. ರುದ್ರಮ್ಮಜ್ಜಿ ಕೂಗಿ, ‘ಅಲ್ಲ ಕಣೆ ತಿಮ್ಮಕ್ಕ, ಒಸಿ ನಿಧಾನಕ್ಕೆ ನಡಿಬಾರ್ದಾ? ಹುಡ್ಗನಿಗೆ ಆಗ್ತದಾ?’ ಅಂದರು.

ಅವ್ವ ತಿರುಗಲಿಲ್ಲ. ‘ಬತ್ತಾನೆ’ ಅಂದಳು.

ಸ್ವಲ್ಪ ಮುಂದೆ ಇನ್ಯಾರೋ ಗಾಡಿ ಕಟ್ಟಲಾ ಎಂದು ಕೇಳಿದರು. ಅವರಿಗೂ ಅದೇ ಉತ್ತರ. ‘ಬತ್ತಾನೆ.’

ಆಮೇಲೆ ಯಾರೂ ಕೇಳಲಿಲ್ಲ. ನಾಲಿಗೆ ಲೊಚಗುಟ್ಟಿದ ಸದ್ದು ನನಗೆ ಒಂದೂ ಕೇಳಿಸಲಿಲ್ಲ. ಏರಿಯ ಕೊನೆಯಲ್ಲಿ ಇಸ್ಪೀಟು ಆಡುತ್ತಿದ್ದ ಗಂಡಸರು ಎದ್ದು ದಾರಿ ಬಿಟ್ಟರು. ಅವರಲ್ಲೊಬ್ಬರು ಪೇಟ ತೆಗೆದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಕಾಲು ನೋಯುತ್ತಿತ್ತು. ಆದರೆ ನನ್ನ ಜೀವಮಾನದಲ್ಲಿ ಯಾವ ಪರೇಡಿನಲ್ಲೂ ನಾನು ಹಾಗೆ ನಡೆದಿಲ್ಲ.

ಮನೆ ಮುಟ್ಟಿದ ಮೇಲೆ ಅವ್ವ ಪೆಟ್ಟಿಗೆ ಇಳಿಸಿ ಗೋಡೆಗೆ ಒರಗಿ ಕೂತುಬಿಟ್ಟಳು. ಮಾತಾಡಲು ಉಸಿರಿಲ್ಲ. ಮುಖವೆಲ್ಲ ಬೆವರು. ಆಗ ನನಗೆ ಹೊಳೆಯಿತು. ಅವಳಿಗೆ ಐವತ್ತು ದಾಟಿದೆ, ಪೆಟ್ಟಿಗೆ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲ. ಅವಳು ಎಂದೂ ಅಷ್ಟು ಜೋರಾಗಿ ನಡೆದವಳಲ್ಲ. ಬಜಾರಿನ ನಡಿಗೆ ಎಂದುಕೊಂಡಿದ್ದೆನಲ್ಲ, ಅದು ಅದಕ್ಕಿಂತ ಜೋರಾಗಿತ್ತು.

‘ಯಾಕವ್ವ ಹಂಗ್ ಓಡ್ದೆ?’ ಅಂದೆ.

ಉಸಿರು ತಿರುಗುವವರೆಗೆ ಕಾದಳು. ‘ನಾನ್ ನಿಧಾನಕ್ಕೆ ನಡೆದಿದ್ರೆ, ನಿಂಗೋಸ್ಕರ ನಿಧಾನ ಮಾಡ್ದೆ ಅಂತಿದ್ರು. ಈಗ ಏನಂತಾರೆ? ತಿಮ್ಮಕ್ಕನ್ ಮಗ ಅವ್ಳ ಹಿಂದೆನೇ ಬಂದ ಅಂತಾರೆ.’

ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕೊಟ್ಟೆ. ಗಟಗಟ ಕುಡಿದು, ಉಳಿದ ನೀರಿನಲ್ಲಿ ಮುಖ ತೊಳೆದುಕೊಂಡಳು. ಆಮೇಲೆ ಮೊದಲ ಸಲ ನನ್ನ ಕಾಲಿನ ಕಡೆ ನೋಡಿ, ‘ಬಿಚ್ಚು, ನೋಡನ’ ಅಂದಳು. ಬಿಚ್ಚಿದೆ. ಬಿಸಿನೀರು ಕಾಯಿಸಿ ತಂದು ರಕ್ತ ಒರೆಸಿದಳು. ಆಮೇಲೆ ಮುದ್ದೆ ಉಂಡೆವು.

ಇದನ್ನು ನೀವು ಕಥೆ ಮಾಡುತ್ತೀರಿ ಎಂದು ನನಗೆ ಗೊತ್ತು. ಮಾಡಿ. ಅವ್ವನನ್ನು ಕೇಳಿದೆ, ಆಗಲಿ ಅಂದಳು. ನನ್ನ ಹೆಸರು ಏನು ಬೇಕಾದರೂ ಇಡಿ. ಅವಳದ್ದನ್ನು ಮಾತ್ರ ಬದಲಿಸಬಾರದಂತೆ. ತಿಮ್ಮಕ್ಕ ಎಂದೇ ಇರಬೇಕಂತೆ, ಊರೂ ಹೊಸಕೆರೆಹಳ್ಳಿ ಎಂದೇ ಇರಬೇಕಂತೆ.

ನಿಮ್ಮ
ವೆಂಕಟಾಚಲ